ಮಾರುಕಟ್ಟೆಯ ಹಸಿ ಮೀನು ಮತ್ತು ಬ್ಯಾಕ್ಟೀರಿಯಾ: ಕಿವಿರು ಕೆಂಪಗಿದ್ದರೆ ಅಷ್ಟೇ ಸಾಕೇ?

ಕಡಲತಡಿಯ ಓದುಗ, ಉಡುಪಿ

ಎಲ್ಲರಿಗೂ ನಮಸ್ಕಾರ. 2018ರ ಜೂನ್ ತಿಂಗಳಿನಲ್ಲಿ ಕೇರಳದ ಚೆಕ್‌ಪೋಸ್ಟ್‌ಗಳಲ್ಲಿ ಫಾರ್ಮಲಿನ್ ಹಾಕಿದ ಮೀನು ಸಿಕ್ಕಿಬಿದ್ದ ಮೇಲೆ ನಮ್ಮ ಕರಾವಳಿಯಲ್ಲಿಯೂ ಮೀನು ಕೊಳ್ಳುವವರ ಬಾಯಲ್ಲಿ ಆ ಒಂದೇ ಪ್ರಶ್ನೆ ಉಳಿದುಕೊಂಡಿದೆ. ರಾಸಾಯನಿಕ ಹಾಕಿದ್ದಾರೆಯೇ ಎಂದು ಕೇಳುತ್ತೇವೆ, ಕಿವಿರು ಎತ್ತಿ ನೋಡುತ್ತೇವೆ, ಬೆರಳಿನಿಂದ ಒತ್ತಿ ನೋಡಿ ಸಮಾಧಾನಪಟ್ಟುಕೊಳ್ಳುತ್ತೇವೆ. ಹಸಿ ಮೀನಿನಲ್ಲಿ ಇರಬಹುದಾದ ರೋಗಕಾರಕ ಬ್ಯಾಕ್ಟೀರಿಯಾಗಳ ಬಗ್ಗೆ ಮಾತ್ರ ಯಾರೂ ಮಾತನಾಡುವುದಿಲ್ಲ.

ನಾನು ಇದನ್ನು ಕೇಳಲು ಎರಡು ಕಾರಣಗಳಿವೆ. ನಮ್ಮ ಬಂಧುಗಳ ಮನೆಯಲ್ಲಿ ಬಂಗುಡೆ ಸಾರು ಉಂಡ ಸ್ವಲ್ಪ ಹೊತ್ತಿನಲ್ಲಿಯೇ ಇಬ್ಬರಿಗೆ ಮುಖ ಕೆಂಪಾಗಿ, ತಲೆನೋವು ಬಂದು, ಮೈಯೆಲ್ಲ ತುರಿಕೆ ಎದ್ದಿತು. ಅಲರ್ಜಿ ಎಂದುಕೊಂಡರು, ಆದರೆ ಅನಂತರ ಅದೇ ಇಬ್ಬರು ಬಂಗುಡೆ ತಿಂದಾಗ ಏನೂ ಆಗಲಿಲ್ಲ. ಇನ್ನೊಂದು ಕಡೆ, ಸಮಾರಂಭವೊಂದರಲ್ಲಿ ಸಿಗಡಿ ತಿಂದವರು ಮಾತ್ರವಲ್ಲ, ಬರಿಯ ಸೌತೆಕಾಯಿ ಕೋಸಂಬರಿ ತಿಂದ ಸಸ್ಯಾಹಾರಿಗಳೂ ಮರುದಿನ ವಾಂತಿ ಭೇದಿಯಿಂದ ಬಳಲಿದರು. ಎರಡೂ ಕಡೆ ಮೀನು ಮತ್ತು ಸಿಗಡಿ ತಾಜಾ ಆಗಿಯೇ ಕಂಡಿದ್ದವು. ಬಲ್ಲವರು ದಯವಿಟ್ಟು ವಿವರಿಸಬೇಕು.

ಮತ್ಸ್ಯವಿಜ್ಞಾನ ಬೋಧಕಿ

ತಮ್ಮ ಎರಡು ಘಟನೆಗಳೂ ಈ ವಿಷಯದ ಎರಡು ಮುಖ್ಯ ಕವಲುಗಳು. ಮೊದಲು ಎರಡನೆಯದನ್ನು ತೆಗೆದುಕೊಳ್ಳುತ್ತೇನೆ.

ಮೀನಿನ ಮೇಲೆ ಕಾಣುವ ರೋಗಾಣುಗಳು ಎರಡು ದಾರಿಗಳಿಂದ ಬರುತ್ತವೆ. ಕೆಲವು ಸಮುದ್ರದ ಮತ್ತು ಅಳಿವೆಯ ನೀರಿನಲ್ಲಿಯೇ ಹುಟ್ಟಿ ಬೆಳೆಯುವಂಥವು. ಅವುಗಳಲ್ಲಿ ವಿಬ್ರಿಯೊ ಕುಲದವು ಪ್ರಮುಖ. ನೀರು ಎಷ್ಟೇ ಶುದ್ಧವಾಗಿದ್ದರೂ ಅವು ಅಲ್ಲಿ ಇದ್ದೇ ಇರುತ್ತವೆ, ಬೆಚ್ಚನೆಯ ನೀರಿನಲ್ಲಿ ಹೆಚ್ಚಾಗಿರುತ್ತವೆ. ಇನ್ನು ಸಾಲ್ಮೊನೆಲ್ಲಾ, ರೋಗಕಾರಕ ಇ. ಕೋಲೈ, ಶಿಗೆಲ್ಲಾ ಮುಂತಾದವು ಸಮುದ್ರಕ್ಕೆ ಸೇರಿದವಲ್ಲ. ಚರಂಡಿ ನೀರು, ಕೊಳೆಯಾದ ಐಸ್, ತೊಳೆಯದ ಕೈ, ನೊಣ, ಹಕ್ಕಿಯ ಹಿಕ್ಕೆ, ಇಲಿ ಇವುಗಳ ಮೂಲಕ ದಡದಲ್ಲಿ ಮೀನನ್ನು ಸೇರುತ್ತವೆ. ಹಾಗಾಗಿ ಮಾರುಕಟ್ಟೆಯ ಮೀನಿನಲ್ಲಿ ಸಾಲ್ಮೊನೆಲ್ಲಾ ಸಿಕ್ಕಿತೆಂದರೆ ಅದು ಸಾಮಾನ್ಯವಾಗಿ ನಮ್ಮ ನೈರ್ಮಲ್ಯದ ಮೇಲಿನ ದೂರು.

ವಿಬ್ರಿಯೊ ಪ್ಯಾರಾಹೀಮೊಲಿಟಿಕಸ್ ಮೊದಲು ಪತ್ತೆಯಾದದ್ದು ಜಪಾನಿನಲ್ಲಿ. 1950ರಲ್ಲಿ ಒಸಾಕಾ ಪ್ರದೇಶದಲ್ಲಿ ಅರೆ ಒಣಗಿಸಿದ ಎಳೆಯ ಮೀನು ತಿಂದು 272 ಜನ ಅಸ್ವಸ್ಥರಾಗಿ 20 ಜನ ಸತ್ತಾಗ, ತ್ಸುನೆಸಾಬುರೊ ಫುಜಿನೊ ಎಂಬ ವಿಜ್ಞಾನಿ ಇದನ್ನು ಬೇರ್ಪಡಿಸಿದರು. ಈ ಜಾತಿಯ ಎಲ್ಲ ತಳಿಗಳೂ ರೋಗ ತರುವುದಿಲ್ಲ. ಟಿಡಿಎಚ್ ಮತ್ತು ಟಿಆರ್‌ಎಚ್ ಎಂಬ ವಿಷಗಳ ಜೀನ್‌ಗಳಿರುವ ತಳಿಗಳೇ ಹೆಚ್ಚು ಅಪಾಯಕಾರಿ. ಮಂಗಳೂರಿನ ಮೀನುಗಾರಿಕಾ ಕಾಲೇಜಿನಲ್ಲಿ ಇದ್ಯಾ ಕರುಣಾಸಾಗರ್ ಮತ್ತು ಇಂದ್ರಾಣಿ ಕರುಣಾಸಾಗರ್ ಅವರ ತಂಡ ಪಿಸಿಆರ್ ವಿಧಾನದಿಂದ ಈ ಜೀನ್‌ಗಳನ್ನು ಹುಡುಕುವ ಕೆಲಸವನ್ನು ವರ್ಷಗಟ್ಟಲೆ ನಡೆಸಿದೆ. ನೈಋತ್ಯ ಕರಾವಳಿಯ ಸಿಂಪಿಗಳ ಮೇಲೆ 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಬಹುಪಾಲು ಮಾದರಿಗಳಲ್ಲಿ ಈ ಬ್ಯಾಕ್ಟೀರಿಯಾ ಇತ್ತು, ಆದರೆ ಟಿಡಿಎಚ್ ಜೀನ್ ಇದ್ದದ್ದು ಕೆಲವೇ ಮಾದರಿಗಳಲ್ಲಿ. ಆದ್ದರಿಂದ ಗಾಬರಿಗೆ ಕಾರಣವಿಲ್ಲ, ಉದಾಸೀನಕ್ಕೂ ಇಲ್ಲ.

ಅಪಾಯ ಇರುವುದು ಇದರ ಬೆಳವಣಿಗೆಯ ವೇಗದಲ್ಲಿ. 37 ಡಿಗ್ರಿಯ ಆಸುಪಾಸಿನಲ್ಲಿ ಅನುಕೂಲ ಸಿಕ್ಕರೆ ಇದು ಸುಮಾರು 10 ನಿಮಿಷಕ್ಕೊಮ್ಮೆ ಇಮ್ಮಡಿಯಾಗಬಲ್ಲದು. ಮಾರುಕಟ್ಟೆಯ ಹಲಗೆಯ ಮೇಲೆ 20 ನಿಮಿಷಕ್ಕೊಮ್ಮೆ ಎಂದೇ ಇಟ್ಟುಕೊಳ್ಳೋಣ. ಗ್ರಾಮಿಗೆ 100 ಇದ್ದದ್ದು ಎರಡು ಗಂಟೆಯಲ್ಲಿ 6,400 ಆಗುತ್ತದೆ, ನಾಲ್ಕು ಗಂಟೆಯಲ್ಲಿ 4 ಲಕ್ಷ ದಾಟುತ್ತದೆ. ಆಗಲೂ ಕಿವಿರು ಕೆಂಪಗೇ ಇರಬಹುದು, ವಾಸನೆಯೂ ಬರದಿರಬಹುದು, ಏಕೆಂದರೆ ಮೀನನ್ನು ಕೊಳೆಸುವ ಬ್ಯಾಕ್ಟೀರಿಯಾಗಳೇ ಬೇರೆ, ಮನುಷ್ಯನಿಗೆ ರೋಗ ತರುವವುಗಳೇ ಬೇರೆ. ಅದೇ ಮೀನು 10 ಡಿಗ್ರಿಗಿಂತ ಕೆಳಗೆ ತಣ್ಣಗಿದ್ದರೆ ಈ ಬೆಳವಣಿಗೆ ಹೆಚ್ಚುಕಡಿಮೆ ನಿಂತುಬಿಡುತ್ತದೆ.

ಗಂಗೊಳ್ಳಿ ಕಡೆಯವನು

ಮೇಡಂ, ತಾವು ಹೇಳಿದ್ದನ್ನು ಗೌರವದಿಂದಲೇ ಓದಿದ್ದೇನೆ. ಆದರೆ ಜಪಾನಿನವರಂತೆ ನಾವು ಹಸಿ ಮೀನು ತಿನ್ನುವವರಲ್ಲ. ಮಸಾಲೆ ಅರೆದು, ಹುಳಿ ಹಾಕಿ, ಮಣ್ಣಿನ ಮಡಕೆಯಲ್ಲಿ ಕುದಿಸಿ ಉಣ್ಣುವ ಜನ. ಕುದಿಯುವ ಸಾರಿನಲ್ಲಿ ಯಾವ ಬ್ಯಾಕ್ಟೀರಿಯಾ ಉಳಿಯುತ್ತದೆ? ಇಂಥ ಚರ್ಚೆಗಳಿಂದ ಬುಟ್ಟಿ ಹೊತ್ತು ಮಾರುವ ಹೆಂಗಸರ ವ್ಯಾಪಾರ ಕುಸಿಯುತ್ತದೆಯೇ ಹೊರತು ಬೇರೇನೂ ಆಗದು ಎಂಬುದು ನನ್ನ ಅಭಿಪ್ರಾಯ. ಫಾರ್ಮಲಿನ್ ಸುದ್ದಿಯ ಸಮಯದಲ್ಲಿ ಏನಾಯಿತೆಂದು ನಾವು ಕಣ್ಣಾರೆ ಕಂಡಿದ್ದೇವೆ.

ಮತ್ಸ್ಯವಿಜ್ಞಾನ ಬೋಧಕಿ

ತಮ್ಮ ಪ್ರಶ್ನೆ ನ್ಯಾಯವಾದದ್ದು. ಒಳಭಾಗ 63 ಡಿಗ್ರಿ ತಲುಪುವಂತೆ ಬೆಂದ ಮೀನಿನಲ್ಲಿ ವಿಬ್ರಿಯೊ ಬದುಕುವುದಿಲ್ಲ. ಕುದಿಸುವ ನಮ್ಮ ಪದ್ಧತಿ ನಮ್ಮನ್ನು ಬಹುಮಟ್ಟಿಗೆ ಕಾಪಾಡಿದೆ. ಆದರೂ ಮೂರು ಸಂದರ್ಭಗಳಲ್ಲಿ ಆ ರಕ್ಷಣೆ ಸಾಲದು.

ಒಂದು, ಕೋಸಂಬರಿ ತಿಂದವರಿಗೆ ಆದದ್ದು. ಸಿಗಡಿ ಸುಲಿದ ಕೈ, ಅದೇ ಮೆಟ್ಟುಕತ್ತಿ, ಅದೇ ಬೋಗುಣಿ ಸೌತೆಕಾಯಿಗೂ ಬಳಕೆಯಾದರೆ ಬ್ಯಾಕ್ಟೀರಿಯಾ ಒಲೆಯನ್ನು ಕಾಣದೆಯೇ ನೇರವಾಗಿ ಎಲೆಗೆ ಬರುತ್ತದೆ. ಮಧ್ಯಾಹ್ನದ ಊಟಕ್ಕೆ ಬೆಳಿಗ್ಗೆಯೇ ಹೆಚ್ಚಿಟ್ಟ ಕೋಸಂಬರಿಯಲ್ಲಿ ಉಪ್ಪೂ ಇದೆ, ತೇವವೂ ಇದೆ, ಸೆಕೆಯೂ ಇದೆ. ಉಪ್ಪನ್ನು ಬಯಸುವ ಈ ಜೀವಿಗೆ ಮತ್ತೇನು ಬೇಕು? ಉಡುಪಿಯ ಓದುಗರು ಹೇಳಿದ ಸಮಾರಂಭದಲ್ಲಿ ಹೀಗೆಯೇ ಆಯಿತೆಂದು ಪರೀಕ್ಷೆಯಿಲ್ಲದೆ ಹೇಳಲಾರೆ, ಆದರೆ ಸಸ್ಯಾಹಾರಿಗಳೂ ಬಳಲಿದರು ಎಂದಾಗ ಮೊದಲು ವಿಚಾರಿಸಬೇಕಾದದ್ದು ಇದನ್ನೇ.

ಎರಡು, ಉಡುಪಿಯ ಓದುಗರ ಬಂಧುಗಳು ತಿಂದ ಬಂಗುಡೆ. ಅಲ್ಲಿನ ಲಕ್ಷಣಗಳೆಲ್ಲ ಹಿಸ್ಟಮೈನ್ ವಿಷಬಾಧೆಯನ್ನು ಹೋಲುತ್ತವೆ. ಬಂಗುಡೆ, ಬೂತಾಯಿ, ಕೇದರ ಮುಂತಾದ ಕಪ್ಪು ಮಾಂಸವಿರುವ ಮೀನುಗಳಲ್ಲಿ ಹಿಸ್ಟಿಡಿನ್ ಎಂಬ ಅಮೈನೊ ಆಮ್ಲ ಸಹಜವಾಗಿಯೇ ಹೆಚ್ಚು. ಮೀನು ಸತ್ತ ಮೇಲೆ ಬೇಗ ತಣ್ಣಗಾಗದಿದ್ದರೆ ಮಾರ್ಗನೆಲ್ಲಾ ಮಾರ್ಗನಿಯಂಥ ಬ್ಯಾಕ್ಟೀರಿಯಾಗಳು ಅದನ್ನು ಹಿಸ್ಟಮೈನ್ ಆಗಿ ಬದಲಾಯಿಸುತ್ತವೆ. ಅನಂತರ ಎಷ್ಟು ಕುದಿಸಿದರೂ, ಹುರಿದರೂ, ಫ್ರೀಜರಿನಲ್ಲಿಟ್ಟರೂ ಆ ಹಿಸ್ಟಮೈನ್ ಹೋಗುವುದಿಲ್ಲ. ಬ್ಯಾಕ್ಟೀರಿಯಾ ಸತ್ತರೂ ಅದು ಮಾಡಿಟ್ಟ ಪದಾರ್ಥ ಉಳಿಯುತ್ತದೆ. ಅಂತಾರಾಷ್ಟ್ರೀಯ ಕೋಡೆಕ್ಸ್ ಮಾನದಂಡದಲ್ಲಿ ಸುರಕ್ಷತೆಯ ಮಿತಿ ಕಿಲೋಗೆ 200 ಮಿಲಿಗ್ರಾಂ. ಅದೇ ವ್ಯಕ್ತಿ ಮುಂದೆ ಅದೇ ಮೀನನ್ನು ತಿಂದು ಆರಾಮವಾಗಿದ್ದರೆ, ತಪ್ಪು ಅವರ ದೇಹದ್ದಲ್ಲ, ಆ ದಿನದ ಮೀನಿನದು ಎಂದು ಬಹುಮಟ್ಟಿಗೆ ತಿಳಿಯಬಹುದು.

ಮೂರನೆಯದು ಚಿಪ್ಪುಜೀವಿಗಳು. ಅವುಗಳ ಬಗ್ಗೆ ಬೇರೆ ಯಾರಾದರೂ ಕೇಳಿಯೇ ಕೇಳುತ್ತಾರೆ, ಆಗ ಬರೆಯುತ್ತೇನೆ.

ಮಾರ್ಕೆಟ್ ಮನೆಮಗಳು, ಮಂಗಳೂರು

ನನ್ನ ತಾಯಿ ಮತ್ತು ಚಿಕ್ಕಮ್ಮ ಇಬ್ಬರೂ ಮೀನು ಮಾರಿಯೇ ನಮ್ಮನ್ನು ಓದಿಸಿದವರು. ಆದ್ದರಿಂದ ಗಂಗೊಳ್ಳಿಯವರ ಆತಂಕ ನನಗೆ ಅರ್ಥವಾಗುತ್ತದೆ. ಆದರೆ ವಿಷಯವನ್ನು ಮುಚ್ಚಿಡುವುದರಿಂದ ಮಾರುವ ಹೆಂಗಸರಿಗೆ ಒಳ್ಳೆಯದಾಗುತ್ತದೆ ಎಂಬುದನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ಮೊದಲು ಮೀನಿನ ನೀರಿನಲ್ಲಿ ಕೈ ಅದ್ದುವವರು ಅವರೇ.

ಮೀನು ಅವರ ಬುಟ್ಟಿಗೆ ಬರುವ ಮೊದಲು ಏನೇನು ದಾಟಿ ಬಂದಿರುತ್ತದೆ ಎಂಬುದನ್ನು ಕೊಳ್ಳುವವರು ತಿಳಿಯಬೇಕು. ದೂರ ಹೋಗುವ ಟ್ರಾಲ್ ಬೋಟುಗಳು ವಾರಕ್ಕೂ ಹೆಚ್ಚು ಕಾಲ ಸಮುದ್ರದಲ್ಲಿದ್ದು ಬರುತ್ತವೆ. ಮೊದಲ ದಿನ ಹಿಡಿದ ಮೀನೂ ಕೊನೆಯ ದಿನ ಹಿಡಿದ ಮೀನೂ ಒಂದೇ ದಿನ ಧಕ್ಕೆಯಲ್ಲಿ (ಬೋಟುಗಳು ಬಂದು ನಿಲ್ಲುವ ಬಂದರುಕಟ್ಟೆಯಲ್ಲಿ) ಇಳಿಯುತ್ತವೆ. ಅಲ್ಲಿ ಏಲಂ ಆಗುವವರೆಗೆ ಕಾಂಕ್ರೀಟ್ ನೆಲದ ಮೇಲೆ ಸುರಿದಿರುವುದೂ ಉಂಟು. ನೆಲ ತೊಳೆಯುವುದಕ್ಕೆ ಬಂದರಿನ ನೀರನ್ನೇ ಎತ್ತಿ ಸುರಿಯುವುದನ್ನು ನಾನು ನೋಡಿದ್ದೇನೆ. ಅಲ್ಲಿಂದ ರಿಕ್ಷಾ ಅಥವಾ ಟೆಂಪೊ ಹಿಡಿದು ಮಾರುಕಟ್ಟೆಗೆ ಬಂದರೆ ಕುಳಿತು ಮಾರುವ ಜಾಗದಲ್ಲಿ ಕುಡಿಯುವ ನೀರಿನ ನಲ್ಲಿ ಇರುವುದಿಲ್ಲ, ಒಂದು ಡ್ರಮ್ ನೀರನ್ನೇ ದಿನವಿಡೀ ಬಳಸಬೇಕು, ಕೈ ತೊಳೆಯುವುದೂ ಅದರಲ್ಲೇ, ಮೀನು ಅದ್ದುವುದೂ ಅದರಲ್ಲೇ. ಐಸ್ ಬೇಕಾದಷ್ಟು ಹಾಕಿದರೆ ಅಂದಿನ ಲಾಭದಲ್ಲಿ ದೊಡ್ಡ ಪಾಲು ಕರಗಿಹೋಗುತ್ತದೆ. ಅದಕ್ಕಿಂತ ಬೇಸರದ ಸಂಗತಿ ಎಂದರೆ, ಐಸ್ ತುಂಬ ಹಾಕಿದ್ದನ್ನು ಕಂಡ ಗಿರಾಕಿಗಳು ಇದು ಹಳೆಯ ಮೀನು ಎಂದು ಮುಂದಕ್ಕೆ ಹೋಗುತ್ತಾರೆ. ಐಸ್ ಇಲ್ಲದೆ ಹಲಗೆಯ ಮೇಲೆ ಹೊಳೆಯುತ್ತಿರುವ ಮೀನನ್ನೇ ತಾಜಾ ಎಂದು ಆರಿಸುವವರು ನೀವೇ ಅಲ್ಲವೇ?

ಕಡಲತಡಿಯ ಓದುಗ, ಉಡುಪಿ

ತಮ್ಮ ಕೊನೆಯ ಮಾತು ನನ್ನನ್ನು ನಿಜವಾಗಿಯೂ ಯೋಚನೆಗೆ ಹಚ್ಚಿತು. ಹಾಗಾದರೆ ಎಷ್ಟು ಐಸ್ ಇದ್ದರೆ ಸಾಕು ಎಂಬುದಕ್ಕೆ ಲೆಕ್ಕವಿದೆಯೇ?

ಮತ್ಸ್ಯವಿಜ್ಞಾನ ಬೋಧಕಿ

ಲೆಕ್ಕವಿದೆ. ಒಂದು ಕಿಲೋ ಐಸ್ ಕರಗುವಾಗ ಸುಮಾರು 80 ಕಿಲೋಕ್ಯಾಲರಿ ಶಾಖವನ್ನು ಹೀರಿಕೊಳ್ಳುತ್ತದೆ. 10 ಕಿಲೋ ಮೀನನ್ನು 30 ಡಿಗ್ರಿಯಿಂದ ಸೊನ್ನೆಯ ಹತ್ತಿರಕ್ಕೆ ಇಳಿಸಲು ಅಂದಾಜು 240 ಕಿಲೋಕ್ಯಾಲರಿ ತೆಗೆಯಬೇಕು, ಎಂದರೆ ಇಳಿಸುವುದಕ್ಕೆ 3 ಕಿಲೋ ಐಸ್ ಸಾಕು. ಆದರೆ ಇಳಿದದ್ದನ್ನು ಹಾಗೆಯೇ ಹಿಡಿದಿಡುವುದೇ ಕಷ್ಟ. ಗಾಳಿ, ಬಿಸಿಲು, ತೆರೆದ ಬುಟ್ಟಿ ಎಲ್ಲವೂ ಐಸನ್ನು ತಿನ್ನುತ್ತವೆ. ಅದಕ್ಕಾಗಿಯೇ ನಮ್ಮಂಥ ಉಷ್ಣ ಪ್ರದೇಶಗಳಲ್ಲಿ ಮೀನಿನ ತೂಕದಷ್ಟೇ ಐಸ್ ಬಳಸಬೇಕೆಂದು ಹೇಳಿಕೊಡುತ್ತೇವೆ. ಮುಚ್ಚಳವಿರುವ ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಮೀನು ಮತ್ತು ಪುಡಿ ಐಸನ್ನು ಪದರ ಪದರವಾಗಿ ಜೋಡಿಸಿ, ಕರಗಿದ ನೀರು ಕೆಳಗಿನ ತೂತಿನಿಂದ ಹರಿದುಹೋಗುವಂತೆ ಮಾಡಿದರೆ ಇದಕ್ಕಿಂತ ಕಡಿಮೆಯಲ್ಲಿಯೂ ನಡೆಯುತ್ತದೆ. ಮೇಲೆ ನಾಲ್ಕು ಐಸ್ ಗಡ್ಡೆಗಳನ್ನು ಇಟ್ಟು ಅಡಿಯ ಮೀನು ತನ್ನದೇ ರಕ್ತದ ನೀರಿನಲ್ಲಿ ನೆನೆಯುತ್ತಿದ್ದರೆ ಐಸ್ ಇದ್ದೂ ಪ್ರಯೋಜನವಿಲ್ಲ.

ಐಸ್ ಯಾವ ನೀರಿನದು ಎಂಬುದೂ ಅಷ್ಟೇ ಮುಖ್ಯ. ಕೊಳಕು ನೀರಿನ ಐಸ್ ಮೀನನ್ನು ತಣ್ಣಗಿಡುತ್ತಲೇ ಅದಕ್ಕೆ ರೋಗಾಣುಗಳನ್ನೂ ಸೇರಿಸುತ್ತದೆ. ಹೆಪ್ಪುಗಟ್ಟಿದ ಮಾತ್ರಕ್ಕೆ ಸಾಲ್ಮೊನೆಲ್ಲಾ ಸಾಯುವುದಿಲ್ಲ.

ವೈದ್ಯ, ಮಂಗಳೂರು

ರೋಗಿಗಳ ದೃಷ್ಟಿಯಿಂದ ಕೆಲವು ಮಾತುಗಳನ್ನು ಸೇರಿಸಬಯಸುತ್ತೇನೆ. ವಿಬ್ರಿಯೊ ಪ್ಯಾರಾಹೀಮೊಲಿಟಿಕಸ್‌ನಿಂದ ಬರುವ ಭೇದಿ ಸಾಮಾನ್ಯವಾಗಿ ತಿಂದ ಒಂದು ದಿನದೊಳಗೆ ಶುರುವಾಗಿ ಮೂರು ದಿನಗಳಲ್ಲಿ ತಾನಾಗಿಯೇ ಇಳಿಯುತ್ತದೆ; ಓಆರ್‌ಎಸ್ ಕುಡಿಸಿ ನೀರಿನಂಶ ಕಾಯ್ದುಕೊಳ್ಳುವುದೇ ಮುಖ್ಯ ಚಿಕಿತ್ಸೆ. ಮಲದಲ್ಲಿ ರಕ್ತ, ತೀವ್ರ ಜ್ವರ, ಮೂತ್ರ ಕಡಿಮೆಯಾಗುವುದು ಇವುಗಳಲ್ಲಿ ಯಾವುದಿದ್ದರೂ ಕಾಯಬಾರದು.

ನನಗೆ ಹೆಚ್ಚು ಚಿಂತೆ ತರುವುದು ಅದರ ಇನ್ನೊಂದು ಬಂಧು, ವಿಬ್ರಿಯೊ ವಲ್ನಿಫಿಕಸ್. ಇದು ಅಪರೂಪ, ಆದರೆ ಸೋಂಕು ತಗುಲಿದವರಲ್ಲಿ ಸುಮಾರು ಐವರಲ್ಲಿ ಒಬ್ಬರು ಸಾಯುತ್ತಾರೆ, ಅದೂ ಕೆಲವೊಮ್ಮೆ ಒಂದೆರಡು ದಿನಗಳೊಳಗೆ. ಯಕೃತ್ತಿನ ಕಾಯಿಲೆ ಇರುವವರು, ವಿಶೇಷವಾಗಿ ಮದ್ಯಪಾನದಿಂದ ಸಿರೋಸಿಸ್ ಆದವರು, ದೇಹದಲ್ಲಿ ಕಬ್ಬಿಣದಂಶ ಮಿತಿಮೀರಿದವರು, ಮಧುಮೇಹ ಹತೋಟಿಯಲ್ಲಿಲ್ಲದವರು ಇದಕ್ಕೆ ಸುಲಭವಾಗಿ ತುತ್ತಾಗುತ್ತಾರೆ. ಹಸಿ ಸಿಂಪಿ ತಿನ್ನುವುದರಿಂದ ಬರುವಂತೆ, ಗಾಯದ ಮೂಲಕವೂ ಇದು ಒಳಗೆ ಹೋಗಬಲ್ಲದು. ಸಿಗಡಿಯ ಕೊಂಬು ಚುಚ್ಚಿದ ಕೈ ಕೆಲವೇ ಗಂಟೆಗಳಲ್ಲಿ ಊದಿಕೊಂಡು, ನೇರಳೆ ಬಣ್ಣದ ಗುಳ್ಳೆಗಳೆದ್ದರೆ ಅದು ಅರಿಶಿನ ಹಚ್ಚಿ ಕಾಯುವ ಗಾಯವಲ್ಲ. ಆಸ್ಪತ್ರೆಗೆ ಬಂದ ತಕ್ಷಣ ಮೀನು ಅಥವಾ ಕಡಲ ನೀರು ಮುಟ್ಟಿದ್ದೆವೆಂದು ವೈದ್ಯರಿಗೆ ಹೇಳಬೇಕು. ಮೀನು ಕತ್ತರಿಸುವ ಹೆಂಗಸರಿಗೆ ಗಟ್ಟಿ ಕೈಗವಸು ಕೊಡಿಸುವುದು ದೊಡ್ಡ ಖರ್ಚಿನ ಮಾತಲ್ಲ.

ಗರ್ಭಿಣಿಯರಿಗೆ ಸಂಬಂಧಿಸಿದ್ದು ಲಿಸ್ಟೀರಿಯಾ. ಇತರ ಬ್ಯಾಕ್ಟೀರಿಯಾಗಳು ಸುಮ್ಮನಿರುವ ಫ್ರಿಜ್ಜಿನ ತಣ್ಣನೆಯಲ್ಲಿಯೂ ಇದು ನಿಧಾನವಾಗಿ ಬೆಳೆಯುತ್ತದೆ. ಪೇಟೆಗಳಲ್ಲಿ ಈಗ ಸುಲಭವಾಗಿ ಸಿಗುವ ಹೊಗೆ ಹಾಕಿದ ಸಾಲ್ಮನ್, ಸುಶಿ ಮುಂತಾದ ಬೇಯಿಸದ ಪದಾರ್ಥಗಳಿಂದ ಅವರು ದೂರವಿರುವುದು ಒಳಿತು.

ಸಿಂಗಪುರ ಕನ್ನಡಿಗ

ಕೈಗವಸಿನ ಮಾತು ಬಂದದ್ದರಿಂದ ಬರೆಯುತ್ತಿದ್ದೇನೆ. 2015ರಲ್ಲಿ ಇಲ್ಲಿ ಹಸಿ ಸಿಹಿನೀರು ಮೀನು ಹಾಕಿದ ಗಂಜಿ ಮುಂತಾದ ತಿನಿಸುಗಳಿಂದ ಗುಂಪು ಬಿ ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯಾದ ಎಸ್‌ಟಿ283 ಎಂಬ ತಳಿ ಹರಡಿ ನೂರಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು. ಆರೋಗ್ಯವಂತರಾದ ವಯಸ್ಕರಲ್ಲಿಯೂ ರಕ್ತದ ಸೋಂಕು, ಮಿದುಳಿನ ಪೊರೆಯ ಉರಿಯೂತ ಕಾಣಿಸಿತು. ಅಂಗಡಿಗಳು ಹಸಿಯಾಗಿಯೇ ಬಡಿಸುವ ತಿನಿಸಿಗೆ ಸಿಹಿನೀರು ಮೀನನ್ನು ಬಳಸಬಾರದೆಂದು ಆ ವರ್ಷದ ಡಿಸೆಂಬರ್‌ನಲ್ಲಿ ಸರ್ಕಾರ ನಿಷೇಧಿಸಿತು. ಅದೇ ತಳಿ 2021ರಲ್ಲಿ ಹಾಂಗ್‌ಕಾಂಗ್‌ನ ಮಾರುಕಟ್ಟೆಗಳ ಸಿಹಿನೀರು ಮೀನಿನೊಂದಿಗೆ ತಳುಕು ಹಾಕಿಕೊಂಡಿತು. ಗಾಯವಿರುವ ಬರಿಗೈಯಲ್ಲಿ ಹಸಿ ಮೀನು ಮುಟ್ಟಬೇಡಿ ಎಂದು ಅಲ್ಲಿನ ಅಧಿಕಾರಿಗಳು ಜನರಿಗೆ ಹೇಳಬೇಕಾಯಿತು. ರೋಹು, ಕಾಟ್ಲಾ, ತಿಲಾಪಿಯಾ ಕೊಳ್ಳುವ ಒಳನಾಡಿನವರು ಈ ಚರ್ಚೆ ಕರಾವಳಿಯವರದು ಎಂದುಕೊಳ್ಳಬಾರದು.

ಯಶವಂತಪುರದಿಂದ

ನಾವು ಬೆಂಗಳೂರಿನವರು ಮೀನನ್ನು ಈಗ ಆ್ಯಪ್ ಮೂಲಕ ತರಿಸುತ್ತೇವೆ. ಪ್ಲಾಸ್ಟಿಕ್ ಪೊಟ್ಟಣದಲ್ಲಿ ತೊಳೆದು ಕತ್ತರಿಸಿ ಬರುವ ಮೀನು ಮಾರುಕಟ್ಟೆಯದಕ್ಕಿಂತ ಸುರಕ್ಷಿತವೇ? ಎರಡನೆಯ ಪ್ರಶ್ನೆ, ನಿಂಬೆರಸ ಮತ್ತು ಉಪ್ಪಿನಲ್ಲಿ ಅರ್ಧ ಗಂಟೆ ನೆನೆಸಿಟ್ಟರೆ ಬ್ಯಾಕ್ಟೀರಿಯಾ ಸಾಯುತ್ತದೆಯೇ?

ಮತ್ಸ್ಯವಿಜ್ಞಾನ ಬೋಧಕಿ

ಪೊಟ್ಟಣವನ್ನು ನೋಡಿ ಹೇಳಲಾಗದು, ಮುಟ್ಟಿ ನೋಡಿ ಸ್ವಲ್ಪ ಹೇಳಬಹುದು. ಬಾಗಿಲಿಗೆ ಬಂದಾಗ ಅದು ಫ್ರಿಜ್ಜಿನಿಂದ ತೆಗೆದಷ್ಟೇ ತಣ್ಣಗಿರಬೇಕು. ಕತ್ತರಿಸಿದ ಮೀನಿಗೆ ಗಾಳಿಗೆ ತೆರೆದ ಮೈ ಹೆಚ್ಚು, ಮುಟ್ಟಿದ ಕೈಗಳೂ ಹೆಚ್ಚು, ಆದ್ದರಿಂದ ದಾರಿಯಲ್ಲಿ ಬೆಚ್ಚಗಾದರೆ ಇಡೀ ಮೀನಿಗಿಂತ ಬೇಗ ಕೆಡುತ್ತದೆ.

ನಿಂಬೆಹುಳಿ ಮೀನಿನ ಮಾಂಸವನ್ನು ಬೆಳ್ಳಗಾಗಿಸುತ್ತದೆ, ಬೆಂದಂತೆ ಕಾಣಿಸುತ್ತದೆ, ಆದರೆ ಬ್ಯಾಕ್ಟೀರಿಯಾಗಳನ್ನು ನಂಬಬಹುದಾದ ಮಟ್ಟಿಗೆ ಕೊಲ್ಲುವುದಿಲ್ಲ. ವಿಬ್ರಿಯೊಗೆ ಉಪ್ಪಂತೂ ಇಷ್ಟವೇ. ಅದಕ್ಕೆ ಆಗದಿರುವುದು ಉಪ್ಪಿಲ್ಲದ ಶುದ್ಧ ನೀರು. ಜಪಾನ್ 2001ರಲ್ಲಿ ತಂದ ನಿಯಮಗಳಲ್ಲಿ ಇದೂ ಸೇರಿತ್ತು: ಬಂದರಿನ ಕಚ್ಚಾ ನೀರಿನಿಂದ ಮೀನು ತೊಳೆಯಬಾರದು, ಕುಡಿಯುವ ನೀರು ಅಥವಾ ಶುದ್ಧೀಕರಿಸಿದ ಸಮುದ್ರದ ನೀರನ್ನೇ ಬಳಸಬೇಕು, ಹಸಿಯಾಗಿ ತಿನ್ನುವ ಮೀನನ್ನು 10 ಡಿಗ್ರಿಗಿಂತ ಕೆಳಗಿಡಬೇಕು, ಗ್ರಾಮಿಗೆ 100ಕ್ಕಿಂತ ಹೆಚ್ಚು ಈ ವಿಬ್ರಿಯೊ ಇರಬಾರದು. 1998ರಲ್ಲಿ ಅಲ್ಲಿ 12,000ಕ್ಕೂ ಹೆಚ್ಚು ರೋಗಿಗಳು ದಾಖಲಾಗಿದ್ದರು. ನಿಯಮಗಳು ಬಂದ ನಂತರದ ವರ್ಷಗಳಲ್ಲಿ ಆ ಸಂಖ್ಯೆ ಬಹಳ ಕೆಳಗಿಳಿಯಿತು. ಹಸಿ ಮೀನು ತಿನ್ನುವುದನ್ನು ಅವರು ಬಿಡಲಿಲ್ಲ, ನೀರನ್ನೂ ತಾಪಮಾನವನ್ನೂ ಸರಿಪಡಿಸಿದರು.

ನಮಗೂ ಇದು ತಿಳಿಯದ ವಿದ್ಯೆಯಲ್ಲ. 1997ರಲ್ಲಿ ಯುರೋಪಿಯನ್ ಒಕ್ಕೂಟ ಭಾರತದ ಮೀನಿನ ಆಮದನ್ನು ನಿಲ್ಲಿಸಿದಾಗ ನಮ್ಮ ರಫ್ತು ಕಾರ್ಖಾನೆಗಳು ಅಪಾಯದ ಹಂತಗಳನ್ನು ಮೊದಲೇ ಗುರುತಿಸಿ ತಡೆಯುವ ಹ್ಯಾಸಪ್ ಪದ್ಧತಿಯನ್ನು ಅಳವಡಿಸಿಕೊಂಡು, ನೀರು, ಐಸ್, ಕೆಲಸಗಾರರ ಕೈ ಎಲ್ಲವನ್ನೂ ನಿಯಮಿತವಾಗಿ ಪರೀಕ್ಷಿಸತೊಡಗಿದವು. ಒಂದೇ ಧಕ್ಕೆಯಲ್ಲಿ ಇಳಿದ ಮೀನಿನಲ್ಲಿ ಹೊರದೇಶಕ್ಕೆ ಹೋಗುವ ಪಾಲಿಗೆ ಪ್ರಯೋಗಾಲಯ, ನಮ್ಮ ಮನೆಗೆ ಬರುವ ಪಾಲಿಗೆ ಒಂದು ಡ್ರಮ್ ನೀರು ಎಂಬುದು ನನ್ನನ್ನು ಬಹಳ ವರ್ಷಗಳಿಂದ ಕಾಡುತ್ತಿರುವ ನೋವು. ಮುಂಬೈನ ಕೇಂದ್ರೀಯ ಮೀನುಗಾರಿಕಾ ಶಿಕ್ಷಣ ಸಂಸ್ಥೆಯ ಸಂಶೋಧಕರು ಅಲ್ಲಿನ ಚಿಲ್ಲರೆ ಮಾರುಕಟ್ಟೆಗಳ ಮೀನಿನಲ್ಲಿ, ಪ್ರಬಲ ಆ್ಯಂಟಿಬಯಾಟಿಕ್‌ಗಳಿಗೂ ಬಗ್ಗದ ಇ. ಕೋಲೈ ಇರುವುದನ್ನು ತೋರಿಸಿದ್ದಾರೆ. ಆ ಬ್ಯಾಕ್ಟೀರಿಯಾ ಮನುಷ್ಯರ ಕೊಳಚೆಯಿಂದ ಬಂದಿರುವ ಸಂಭವವೇ ಹೆಚ್ಚು.

ಅಘನಾಶಿನಿ ದಡ, ಕುಮಟಾ

ನಮ್ಮ ಕಡೆ ಬಳಚು ಎಂಬ ಚಿಪ್ಪುಜೀವಿಯನ್ನು ಹೆಕ್ಕಿ ಬದುಕುವ ಕುಟುಂಬಗಳು ಬಹಳ. 2024ರಲ್ಲಿ ಅಘನಾಶಿನಿ ಅಳಿವೆ ಅಂತಾರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದಾಗ ನಮಗೆ ಹೆಮ್ಮೆಯಾಯಿತು. ನಾವು ಬಳಚನ್ನು ಬಾಯಿ ಬಿಡುವವರೆಗೆ ಬಿಸಿ ಮಾಡಿ ಮಾಂಸ ತೆಗೆದು ಅನಂತರ ಸುಕ್ಕ ಮಾಡುತ್ತೇವೆ. ಅಷ್ಟು ಸಾಕೇ?

ಮತ್ಸ್ಯವಿಜ್ಞಾನ ಬೋಧಕಿ

ಬಾಯಿ ಬಿಟ್ಟ ಕೂಡಲೇ ಇಳಿಸಿದರೆ ಸಾಲದು. ಬಾಯಿ ಬಿಟ್ಟ ಮೇಲೆ ಇನ್ನೂ ಮೂರರಿಂದ ಐದು ನಿಮಿಷ ಕುದಿಯಬೇಕು. ತಾವು ಮತ್ತೆ ಸುಕ್ಕದಲ್ಲಿ ಬೇಯಿಸುವುದರಿಂದ ಆ ಕೊರತೆ ತುಂಬುತ್ತದೆ. ಬಳಚು, ಮರುವಾಯಿ, ಪಚ್ಚಿಲೆ, ಸಿಂಪಿ ಇವೆಲ್ಲ ನೀರನ್ನು ಸೋಸಿ ಆಹಾರ ಪಡೆಯುವ ಜೀವಿಗಳು. ದಿನವಿಡೀ ಲೀಟರುಗಟ್ಟಲೆ ನೀರು ಅವುಗಳ ಮೂಲಕ ಹಾದುಹೋಗುತ್ತದೆ, ನೀರಿನಲ್ಲಿ ಚೆದುರಿದ್ದ ಬ್ಯಾಕ್ಟೀರಿಯಾ ಅವುಗಳ ಒಡಲಿನಲ್ಲಿ ಒಟ್ಟಾಗುತ್ತದೆ, ನಾವು ಕರುಳು ತೆಗೆಯದೆ ಇಡಿಯಾಗಿ ತಿನ್ನುತ್ತೇವೆ. ಶುದ್ಧ ನೀರಿನಲ್ಲಿ ಒಂದೆರಡು ದಿನ ಬಿಟ್ಟರೆ ಇ. ಕೋಲೈ ಬಹಳ ಕಡಿಮೆಯಾಗುತ್ತದೆ, ಆದರೆ ವಿಬ್ರಿಯೊ ಅಷ್ಟು ಸುಲಭಕ್ಕೆ ಹೊರಗೆ ಹೋಗುವುದಿಲ್ಲ. ಬಿಸಿ ಮಾಡುವ ಮೊದಲೇ ಬಾಯಿ ತೆರೆದಿದ್ದು, ತಟ್ಟಿದರೂ ಮುಚ್ಚದ ಬಳಚನ್ನು ಎಸೆದುಬಿಡಿ.

ನೀರು ಬೆಚ್ಚಗಾದಂತೆ ಈ ಚಿಂತೆ ಹೊಸ ಊರುಗಳಿಗೂ ಹೋಗುತ್ತಿದೆ. 2004ರಲ್ಲಿ ಅಲಾಸ್ಕಾದಂಥ ಶೀತ ಪ್ರದೇಶದ ಸಿಂಪಿ ತಿಂದ ಪ್ರವಾಸಿಗಳಿಗೆ ವಿಬ್ರಿಯೊ ತಗುಲಿತು. ಆ ಬೇಸಿಗೆಯಲ್ಲಿ ಅಲ್ಲಿನ ನೀರು 15 ಡಿಗ್ರಿ ದಾಟಿತ್ತು. ನಮ್ಮ ಅಳಿವೆಗಳ ನೀರು ಆ ಮಿತಿಗಿಂತ ಕೆಳಗೆ ಎಂದೂ ಇಳಿಯುವುದಿಲ್ಲ.

ಗಂಗೊಳ್ಳಿ ಕಡೆಯವನು

ಎಲ್ಲರ ಮಾತುಗಳನ್ನೂ ಓದಿದೆ. ಮಾರುವವರನ್ನು ಅಪರಾಧಿಗಳಾಗಿ ನಿಲ್ಲಿಸದೆ ನೀರು, ಐಸ್, ನಲ್ಲಿಗಳ ಬಗ್ಗೆ ಮಾತನಾಡಿದ್ದು ನನಗೆ ಹಿಡಿಸಿತು. ಹಾಗಾದರೆ ಸ್ಥಳೀಯ ಸಂಸ್ಥೆಗಳಿಗೆ ಒಂದು ಮನವಿ ಬರೆಯೋಣ. ಅದರಲ್ಲಿ ಏನಿರಬೇಕು?

ಮಾರ್ಕೆಟ್ ಮನೆಮಗಳು, ಮಂಗಳೂರು

ಮೊದಲು ಕಟ್ಟೆಗೊಂದು ನಲ್ಲಿ ಮತ್ತು ಹರಿದುಹೋಗುವ ಚರಂಡಿ. ಎರಡನೆಯದು, ಮಾರುಕಟ್ಟೆಯ ಆವರಣದಲ್ಲಿಯೇ ಕುಡಿಯುವ ನೀರಿನಿಂದ ಮಾಡಿದ ಐಸ್ ನ್ಯಾಯವಾದ ಬೆಲೆಗೆ ಸಿಗುವ ವ್ಯವಸ್ಥೆ. ತಿನ್ನಲು ಯೋಗ್ಯವಲ್ಲದ ಐಸ್‌ಗೆ ನೀಲಿ ಬಣ್ಣ ಹಾಕಬೇಕೆಂದು ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ಹೇಳಿದೆ, ಆದರೆ ಬಿಳಿ ಐಸ್ ಎಲ್ಲಿಂದ ಬಂತೆಂದು ಕೇಳುವವರು ಬೇಕಲ್ಲ. ಮೂರನೆಯದು, ಕತ್ತರಿಸುವವರಿಗೆ ಕೈಗವಸು ಮತ್ತು ಸಾಬೂನು. ಮಾದರಿ ತೆಗೆಯುವಾಗ ಬುಟ್ಟಿಯ ಮೀನನ್ನು ಮಾತ್ರ ತೆಗೆಯಬೇಡಿ. ಬೋಟಿನ ಐಸ್, ಧಕ್ಕೆಯ ನೆಲ, ಐಸ್ ಕಾರ್ಖಾನೆಯ ನೀರು ಇವುಗಳದ್ದನ್ನೂ ತೆಗೆದು ಫಲಿತಾಂಶವನ್ನು ಮಾರುಕಟ್ಟೆಯ ಬಾಗಿಲಲ್ಲಿ ಕನ್ನಡದಲ್ಲಿ ಅಂಟಿಸಬೇಕು. ಆಗ ಎಲ್ಲಿ ಕೆಟ್ಟಿದೆ ಎಂಬುದು ಎಲ್ಲರಿಗೂ ಕಾಣುತ್ತದೆ.

ಮತ್ಸ್ಯವಿಜ್ಞಾನ ಬೋಧಕಿ

ಇದಕ್ಕೆ ನನ್ನದೊಂದು ಸೇರ್ಪಡೆ. ಮಾದರಿ ತೆಗೆಯುವ ಕೆಲಸ ವರ್ಷಕ್ಕೊಮ್ಮೆ ನಡೆದರೆ ಸಾಲದು, ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧದ ಅವಧಿಯಲ್ಲಿ ಕಡ್ಡಾಯವಾಗಿ ನಡೆಯಬೇಕೆಂದು ಮನವಿಯಲ್ಲಿ ಬರೆಯಿರಿ. ಪೂರ್ವ ಕರಾವಳಿಯ ನಿಷೇಧ ಜೂನ್ 14ಕ್ಕೆ ಮುಗಿಯುವುದರಿಂದ ಆ ನಂತರ ನಮ್ಮ ಮಾರುಕಟ್ಟೆಗಳಿಗೆ ಅಲ್ಲಿಂದ ಲಾರಿಗಳಲ್ಲಿ ಮೀನು ಬರುತ್ತದೆ. ದಾರಿ ಉದ್ದವಾದಷ್ಟೂ ಐಸ್ ಕರಗುವ ಅವಕಾಶ ಹೆಚ್ಚು, ಮೂಲವನ್ನು ಹುಡುಕುವುದು ಕಷ್ಟ. ಲಾರಿಯಿಂದ ಇಳಿಸುವಾಗಲೇ ಪೆಟ್ಟಿಗೆಯ ನಡುವಿನ ಮೀನಿಗೆ ಥರ್ಮಾಮೀಟರ್ ಚುಚ್ಚಿ ತಾಪಮಾನ ಬರೆದುಕೊಳ್ಳುವುದಕ್ಕೆ ಪ್ರಯೋಗಾಲಯವೇನೂ ಬೇಕಿಲ್ಲ. ಕರಡು ಸಿದ್ಧವಾದರೆ ಇಲ್ಲಿಯೇ ಹಾಕಿ, ತಾಂತ್ರಿಕ ಭಾಗವನ್ನು ನಾನು ತಿದ್ದಿಕೊಡುತ್ತೇನೆ.